ಒಮೆಗಾ-3 ಹನಿ ಹಾಕಿದರೆ ಮಗುವಿನ ಕರುಳು ಉಳಿಯುತ್ತಾ?

ಪ್ರಶ್ನೆ: ನಮ್ಮದು ಹಾವೇರಿ. ಹೆಂಡತಿಗೆ 28 ವಾರಕ್ಕೇ ಹೆರಿಗೆ ಆಯಿತು. ಗಂಡು ಮಗು, ಹುಟ್ಟಿದಾಗ 980 ಗ್ರಾಂ. ಇವತ್ತಿಗೆ 12 ದಿನ. ಹುಬ್ಬಳ್ಳಿಯಲ್ಲಿ ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇಟ್ಟಿದ್ದಾರೆ, 2 ಗಂಟೆಗೊಮ್ಮೆ 8 ಎಂಎಲ್ ತಾಯಿಹಾಲು ಟ್ಯೂಬಿನಲ್ಲಿ ಹೋಗುತ್ತಿದೆ. ಪಕ್ಕದ ವಾರ್ಮರ್‌ನಲ್ಲಿದ್ದ ಮಗುವಿಗೆ 'ನೆಕ್' ಅಂತ ಕರುಳಿನ ಕಾಯಿಲೆ ಬಂದು ಆಪರೇಷನ್ ಆಯಿತು. ಅದನ್ನು ನೋಡಿದಾಗಿನಿಂದ ನಮಗೆ ನಿದ್ದೆ ಇಲ್ಲ. ಸಿಡ್ನಿಯಲ್ಲಿರುವ ನನ್ನ ಭಾವ ಒಮೆಗಾ-3 ಡಿಎಚ್‌ಎ ಹನಿ ಕಳಿಸಿದ್ದಾರೆ, ಕರುಳಿಗೂ ಮೆದುಳಿಗೂ ಒಳ್ಳೆಯದು ಅಂತಾರೆ. ಡಾಕ್ಟರನ್ನು ಕೇಳಿದರೆ 'ಈಗ ಬೇಡ' ಅಂದರು, ಕಾರಣ ಹೇಳಲಿಲ್ಲ. ಹೋಗಲಿ, ಹೆಂಡತಿಯಾದರೂ ತೆಗೆದುಕೊಳ್ಳಬಹುದಾ? ನಮ್ಮ ಅತ್ತೆ ದಿನಾ ಅಗಸೆ ಚಟ್ನಿಪುಡಿ ತಿನ್ನಿಸುತ್ತಿದ್ದಾರೆ, ಅದು ಸಾಕಾ?

ಉತ್ತರ: ಮೊದಲು ಆ ಬಾಟಲಿಯನ್ನು ಬೀರುವಿನಲ್ಲಿಡಿ. ನಿಮ್ಮ ಡಾಕ್ಟರು 'ಈಗ ಬೇಡ' ಅಂದದ್ದು ಸರಿಯಾಗಿಯೇ ಇದೆ. ಕಾರಣ ಹೇಳದೆ ಮುಂದೆ ಹೋದದ್ದು ಮಾತ್ರ ತಪ್ಪು, ಆ ತಪ್ಪನ್ನು ರೌಂಡ್ಸ್ ಗಡಿಬಿಡಿಯಲ್ಲಿ ನಾನೂ ಎಷ್ಟೋ ಸಲ ಮಾಡಿದ್ದೇನೆ. ಈ ಕಾರಣ ಎರಡು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನೆಕ್ ಏನು ಅಂತ ಪಕ್ಕದ ಮಗುವನ್ನು ನೋಡಿ ನಿಮಗೆ ಅರ್ಧ ಗೊತ್ತಾಗಿದೆ. ತಿಂಗಳು ತುಂಬದೆ ಹುಟ್ಟಿದ ಮಗುವಿನ ಕರುಳಿನ ಗೋಡೆ ತೆಳು. ಹೊಸದಾಗಿ ಬಂದು ಸೇರಿಕೊಳ್ಳುವ ಬ್ಯಾಕ್ಟೀರಿಯಾ ಕಂಡರೆ ಆ ಗೋಡೆ ಅಗತ್ಯಕ್ಕಿಂತ ಜಾಸ್ತಿ ರೇಗುತ್ತದೆ. ರೇಗಿದ ಜಾಗಕ್ಕೆ ರಕ್ತ ಸಾಲದೆ ಗೋಡೆಯ ಒಂದಷ್ಟು ಭಾಗ ಸಾಯುತ್ತದೆ, ಆಮೇಲೆ ಬ್ಯಾಕ್ಟೀರಿಯಾ ಗೋಡೆಯ ಒಳಗೇ ನುಗ್ಗಿ ಗ್ಯಾಸ್ ಮಾಡುತ್ತವೆ. ಎಕ್ಸ್‌ರೇಯಲ್ಲಿ ಅದು ಕರುಳಿನ ಉದ್ದಕ್ಕೂ ಸಾಸಿವೆಯಷ್ಟು ಗುಳ್ಳೆಗಳ ಸಾಲಿನಂತೆ ಕಾಣುತ್ತದೆ. ರಾತ್ರಿ ಡ್ಯೂಟಿಯಲ್ಲಿ ಆ ಫಿಲ್ಮನ್ನು ಬೆಳಕಿಗೆ ಹಿಡಿದಾಗ ಹೊಟ್ಟೆಯಲ್ಲಿ ಆಗುವ ಸಂಕಟ ಇಷ್ಟು ವರ್ಷ ಆದರೂ ನನಗೆ ಕಡಿಮೆಯಾಗಿಲ್ಲ. 1500 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಸುಮಾರಾಗಿ ನೂರಕ್ಕೆ 5ರಿಂದ 10 ಮಕ್ಕಳಿಗೆ ಇದು ಬರುತ್ತದೆ. ಬಂದವರಲ್ಲಿ ನೂರಕ್ಕೆ 20ರಿಂದ 30 ಮಕ್ಕಳು ಉಳಿಯುವುದಿಲ್ಲ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಅದಕ್ಕೆ ಹೇಳಿದೆ. ಆದರೆ ಅದೇ ಲೆಕ್ಕದಲ್ಲಿ ನೂರರಲ್ಲಿ 90ಕ್ಕೂ ಹೆಚ್ಚು ಮಕ್ಕಳಿಗೆ ಬರುವುದೇ ಇಲ್ಲ, ಅದನ್ನೂ ಮನಸ್ಸಿನಲ್ಲಿಡಿ. ನಿಮ್ಮ ಮಗನ ಥರ ಬೇಗ ಹುಟ್ಟಿದವರಿಗೆ ಬರುವುದಾದರೆ ಸಾಮಾನ್ಯವಾಗಿ ಎರಡನೇ ವಾರದಿಂದ ನಾಲ್ಕನೇ ವಾರದೊಳಗೆ. ಅಂದರೆ ಹೊಸದೇನನ್ನೋ ಹೊಟ್ಟೆಗೆ ಹಾಕಿ ಪ್ರಯೋಗ ಮಾಡುವ ಹೊತ್ತು ಇದಲ್ಲ.

ಹಾಗಾದರೆ ಈ ಹನಿಯ ವಿಚಾರ ಎಲ್ಲಿಂದ ಬಂತು? ಅದು ಸುಮ್ನೆ ಹುಟ್ಟಿದ ಮಾತಲ್ಲ. ಡಿಎಚ್‌ಎ ಅನ್ನೋದು ಮೀನೆಣ್ಣೆಯಲ್ಲಿರುವ ಒಂದು ಫ್ಯಾಟಿ ಆಸಿಡ್. ಮೆದುಳಿಗೆ, ಕಣ್ಣಿನ ರೆಟಿನಾಗೆ ಬೇಕು, ಉರಿಯೂತವನ್ನು ತಗ್ಗಿಸುವ ಗುಣವೂ ಇದೆ. ಇದರ ಜೋಡಿಗೆ ಎಆರ್‌ಎ ಅಂತ ಇನ್ನೊಂದಿದೆ, ಅದು ಒಮೆಗಾ-6 ಕಡೆಯದು. ಎರಡನ್ನೂ ತಾಯಿ ತನ್ನ ರಕ್ತದಿಂದ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಕೊಡುತ್ತಾಳೆ, ಅದರ ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. ನಿಮ್ಮ ಮಗ ಆ ಮೂರು ತಿಂಗಳನ್ನೇ ಬಿಟ್ಟು ಹೊರಗೆ ಬಂದುಬಿಟ್ಟಿದ್ದಾನೆ.

ಒಂದು ಸಣ್ಣ ಲೆಕ್ಕ ಹಾಕೋಣ. 8 ಎಂಎಲ್, ದಿನಕ್ಕೆ 12 ಸಲ, ಒಟ್ಟು 96 ಎಂಎಲ್. ಅದರಲ್ಲಿ ಕೊಬ್ಬು ಮೂರೂವರೆ ಗ್ರಾಂ ಆಸುಪಾಸು. ತಾಯಿಹಾಲಿನ ಕೊಬ್ಬಿನಲ್ಲಿ ಡಿಎಚ್‌ಎ ಪಾಲು ಜಗತ್ತಿನ ಸರಾಸರಿ ನೂರಕ್ಕೆ 0.3ರಷ್ಟು, ಮೀನು ತಿನ್ನದವರಲ್ಲಿ ಇನ್ನೂ ಕಡಿಮೆ. ಅಲ್ಲಿಗೆ ನಿಮ್ಮ ಮಗನಿಗೆ ಸಿಗುತ್ತಿರುವುದು ದಿನಕ್ಕೆ 10 ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಹೊಟ್ಟೆಯಲ್ಲೇ ಇದ್ದಿದ್ದರೆ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 45 ಮಿಲಿಗ್ರಾಂ ಸಿಗುತ್ತಿತ್ತು. ಈ ಕೊರತೆ ನಿಜ. ಯುರೋಪಿನ ಮಕ್ಕಳ ಜೀರ್ಣಾಂಗ ತಜ್ಞರ ಸಂಘ 2022ರಲ್ಲಿ ಕೊಟ್ಟ ಸಲಹೆಯಲ್ಲೂ ಇಂಥ ಮಕ್ಕಳಿಗೆ ದಿನಕ್ಕೆ ಕಿಲೋಗೆ 30ರಿಂದ 65 ಮಿಲಿಗ್ರಾಂ ಡಿಎಚ್‌ಎ, ಜೊತೆಗೆ 30ರಿಂದ 100 ಮಿಲಿಗ್ರಾಂ ಎಆರ್‌ಎ ಬೇಕು ಅಂತಿದೆ. 'ಜೊತೆಗೆ' ಅನ್ನುವ ಪದವನ್ನು ಗಮನಿಸಿ, ಆಮೇಲೆ ಅದಕ್ಕೇ ಬರುತ್ತೇನೆ.

ಕೊರತೆ ಇದೆ, ತುಂಬಿದರೆ ಆಯಿತು ಅಂತ ನಿಮ್ಮ ಭಾವನ ಹಾಗೆ ನಾವು ಡಾಕ್ಟರುಗಳೂ ಅಂದುಕೊಂಡಿದ್ದೆವು. 1998ರಲ್ಲಿ ಅಮೆರಿಕದಿಂದ ಒಂದು ಅಧ್ಯಯನ ಬಂತು. ಮೊಟ್ಟೆಯ ಫಾಸ್ಫೋಲಿಪಿಡ್ ಅನ್ನುವ ಕೊಬ್ಬು ಸೇರಿಸಿದ ಪುಡಿಹಾಲು ಕುಡಿದ ಮಕ್ಕಳಲ್ಲಿ ನೆಕ್ ನೂರಕ್ಕೆ 2.9, ಸೇರಿಸದ ಪುಡಿಹಾಲು ಕುಡಿದವರಲ್ಲಿ 17.6. ಈ ವ್ಯತ್ಯಾಸ ನೋಡಿ ಯಾರಿಗಾದರೂ ಆಸೆ ಹುಟ್ಟುತ್ತದೆ. ಇಲಿಮರಿಗಳ ಮೇಲಿನ ಪ್ರಯೋಗಗಳೂ ಅದೇ ದಿಕ್ಕಿಗೆ ಕೈ ತೋರಿಸಿದವು. ಆದರೆ ಆ ಮಕ್ಕಳೆಲ್ಲ ಪುಡಿಹಾಲಿನವರು, ಸಂಖ್ಯೆಯೂ ಚಿಕ್ಕದು. ಮೊಟ್ಟೆಯ ಕೊಬ್ಬಿನಲ್ಲಿ ಡಿಎಚ್‌ಎ ಒಂದೇ ಇರುವುದಿಲ್ಲ, ಎಆರ್‌ಎ ಇರುತ್ತದೆ, ಕೋಲೀನ್ ಇರುತ್ತದೆ. ಕೆಲಸ ಮಾಡಿದ್ದು ಯಾವುದು ಅಂತ ಹೇಳುವುದು ಹೇಗೆ?

ಈಗ ನಿಮ್ಮ ಭಾವ ಇರುವ ದೇಶಕ್ಕೇ ಬರೋಣ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಪುರದ ಆಸ್ಪತ್ರೆಗಳು ಸೇರಿ ಒಂದು ದೊಡ್ಡ ಅಧ್ಯಯನ ಮಾಡಿದವು, 2017ರಲ್ಲಿ ಫಲಿತಾಂಶ ಬಂತು. 29 ವಾರಕ್ಕಿಂತ ಮೊದಲೇ ಹುಟ್ಟಿದ 1273 ಮಕ್ಕಳು, ನಿಮ್ಮ ಮಗನಂಥವರೇ. ಅರ್ಧ ಮಕ್ಕಳಿಗೆ ದಿನಕ್ಕೆ ಕಿಲೋಗೆ 60 ಮಿಲಿಗ್ರಾಂ ಡಿಎಚ್‌ಎ ಟ್ಯೂಬಿನಲ್ಲಿ, ಉಳಿದವರಿಗೆ ಸೋಯಾ ಎಣ್ಣೆಯ ದ್ರಾವಣ. ಶ್ವಾಸಕೋಶಕ್ಕೆ ಒಳ್ಳೆಯದಾಗಬಹುದು ಅನ್ನುವುದು ಅವರ ನಿರೀಕ್ಷೆ. ಆದದ್ದು ಉಲ್ಟಾ. ಬಿಪಿಡಿ ಅನ್ನುವ ಶ್ವಾಸಕೋಶದ ಕಾಯಿಲೆ, ಅಂದರೆ ತಿಂಗಳುಗಟ್ಟಲೆ ಆಕ್ಸಿಜನ್ ಬಿಡಿಸಲಾಗದ ಸ್ಥಿತಿ, ಡಿಎಚ್‌ಎ ಪಡೆದವರಲ್ಲಿ ನೂರಕ್ಕೆ 49.1 ಇತ್ತು, ಪಡೆಯದವರಲ್ಲಿ 43.9. ನೆಕ್ ವಿಷಯದಲ್ಲಿ ಸ್ಪಷ್ಟ ವ್ಯತ್ಯಾಸ ಇಲ್ಲ. ಕರುಳಿಗೆ ಲಾಭ ಕಾಣಲಿಲ್ಲ, ಶ್ವಾಸಕೋಶಕ್ಕೆ ಏಟು ಬಿತ್ತು. 'ಈಗ ಬೇಡ' ಅನ್ನುವ ಎರಡು ಪದದ ಹಿಂದೆ ಇರುವುದು ಮುಖ್ಯವಾಗಿ ಈ ಅಧ್ಯಯನ.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಉತ್ತರವೂ ಚಿಕ್ಕದಾಗಿರುತ್ತಿತ್ತು. ಮುಗಿಯಲಿಲ್ಲ. ಅದೇ ಅಧ್ಯಯನದ ಒಂದು ಪಾಲು ಮಕ್ಕಳನ್ನು 5 ವರ್ಷ ತುಂಬಿದಾಗ ಮತ್ತೆ ಕರೆದು ಐಕ್ಯೂ ನೋಡಿದರು. 2022ರಲ್ಲಿ ಪ್ರಕಟವಾಯಿತು. ಡಿಎಚ್‌ಎ ಪಡೆದವರ ಸರಾಸರಿ 95.4, ಪಡೆಯದವರದ್ದು 91.9. ಮೂರೂವರೆ ಅಂಕ. ಒಂದು ಮಗುವಿನ ಮಟ್ಟದಲ್ಲಿ ಅದು ಕಣ್ಣಿಗೆ ಕಾಣುವ ವ್ಯತ್ಯಾಸ ಅಲ್ಲ, ಸಾವಿರ ಮಕ್ಕಳ ಮಟ್ಟದಲ್ಲಿ ಅಲ್ಲಗಳೆಯುವಂಥದ್ದೂ ಅಲ್ಲ. ಶ್ವಾಸಕೋಶದಲ್ಲಿ ಕಳೆದದ್ದನ್ನು ಮೆದುಳಿನಲ್ಲಿ ಗಳಿಸಿದಂತೆ ಆಯಿತಲ್ಲ, ಇದನ್ನು ಯಾವ ತಕ್ಕಡಿಯಲ್ಲಿ ತೂಗೋಣ? ಈ ಪ್ರಶ್ನೆಗೆ ನಮ್ಮ ವೃತ್ತಿಯಲ್ಲೇ ಒಮ್ಮತವಿಲ್ಲ.

ಸ್ವೀಡನ್ನಿನವರು ಬೇರೆ ದಾರಿ ಹಿಡಿದರು. ಡಿಎಚ್‌ಎ ಒಂದನ್ನೇ ಕೊಡದೆ, ದಿನಕ್ಕೆ ಕಿಲೋಗೆ ಎಆರ್‌ಎ 100, ಡಿಎಚ್‌ಎ 50 ಮಿಲಿಗ್ರಾಂ ಲೆಕ್ಕದಲ್ಲಿ ಜೋಡಿಯಾಗಿ ಕೊಟ್ಟರು. 28 ವಾರಕ್ಕಿಂತ ಮೊದಲು ಹುಟ್ಟಿದ 206 ಮಕ್ಕಳು. 2021ರಲ್ಲಿ ಬಂದ ಫಲಿತಾಂಶದಲ್ಲಿ ಕಣ್ಣಿನ ರೆಟಿನಾದ ತೀವ್ರ ಕಾಯಿಲೆ ಅರ್ಧಕ್ಕರ್ಧ ಇಳಿದಿತ್ತು, ನೂರಕ್ಕೆ 33.3ರಿಂದ 15.8ಕ್ಕೆ. ಅದು ಕಣ್ಣಿನ ಮಾತು, ಕರುಳಿನದ್ದಲ್ಲ. ಆದರೂ ನಾನು ಇದನ್ನು ಹೇಳಲು ಕಾರಣವಿದೆ. ಡಿಎಚ್‌ಎ ಒಂದನ್ನೇ ಜಾಸ್ತಿ ಸುರಿದರೆ ದೇಹದಲ್ಲಿ ಎಆರ್‌ಎ ತಗ್ಗುತ್ತದೆ, ಬೆಳೆಯುವ ಮಗುವಿಗೆ ಅದೂ ಬೇಕು. ಎತ್ತಿನಗಾಡಿಗೆ ಒಂದೇ ಎತ್ತು ಕಟ್ಟಿದ ಹಾಗೆ. ಆಸ್ಟ್ರೇಲಿಯಾದ ಅಧ್ಯಯನ ದಾರಿ ತಪ್ಪಿದ್ದು ಇದರಿಂದಲೇ ಇರಬಹುದು ಅಂತ ನನಗೆ ಅನ್ನಿಸುತ್ತದೆ. ಇದು ಅನಿಸಿಕೆ ಅಷ್ಟೇ. ನಿಮ್ಮ ಕೈಯಲ್ಲಿರುವ ಬಾಟಲಿಯ ಹಿಂದೆ ತಿರುಗಿಸಿ ಓದಿ, ಅದರಲ್ಲಿ ಎಆರ್‌ಎ ಇದೆಯಾ ನೋಡಿ. ಅಂಗಡಿಯಲ್ಲಿ ಸಿಗುವ ಬಹಳಷ್ಟು ಹನಿಗಳಲ್ಲಿ ಇರುವುದಿಲ್ಲ.

ಕರುಳಿನ ಬಗ್ಗೆಯೇ ನೇರವಾಗಿ ಕೇಳಿದವರು ಮೆಕ್ಸಿಕೋದವರು. 2021ರ ಅವರ ಅಧ್ಯಯನದಲ್ಲಿ 225 ಮಕ್ಕಳು. ಹಾಲು ಶುರುಮಾಡಿದ ದಿನದಿಂದ 14 ದಿನ ಡಿಎಚ್‌ಎ ಕೊಟ್ಟರು, ಕಿಲೋಗೆ 75 ಮಿಲಿಗ್ರಾಂ. ಕೊಟ್ಟವರಲ್ಲಿ ಒಬ್ಬರಿಗೂ ನೆಕ್ ಬರಲಿಲ್ಲ, ಸೂರ್ಯಕಾಂತಿ ಎಣ್ಣೆ ಪಡೆದವರಲ್ಲಿ 7 ಮಕ್ಕಳಿಗೆ ಬಂತು. ನಿಮ್ಮ ಭಾವ ವಾಟ್ಸಾಪಿನಲ್ಲಿ ಓದಿದ್ದು ಬಹುಶಃ ಇದನ್ನೇ. ಸುದ್ದಿ ಸುಳ್ಳಲ್ಲ. ಆದರೆ ಸೊನ್ನೆಗೂ 7ಕ್ಕೂ ನಡುವಿನ ವ್ಯತ್ಯಾಸದ ಮೇಲೆ ನಾನು ಎಲ್ಲ ಮಕ್ಕಳಿಗೂ ಬಾಟಲಿ ತೆರೆಯುವುದಿಲ್ಲ. ಎರಡು ಮಕ್ಕಳ ಹಣೆಬರಹ ಆಚೀಚೆ ಆಗಿದ್ದರೂ ಲೆಕ್ಕ ಬದಲಾಗುತ್ತಿತ್ತು. 1273 ಮಕ್ಕಳ ಅಧ್ಯಯನದಲ್ಲಿ ಕಾಣದ್ದು 225ರಲ್ಲಿ ಕಂಡರೆ ಯಾವುದನ್ನು ಹೆಚ್ಚು ನಂಬುವುದು, ನೀವೇ ಹೇಳಿ.

ಇನ್ನು ಹನಿಯ ಒಳಗೆ ಇನ್ನೇನಿದೆ ಅನ್ನೋದು. ಅಧ್ಯಯನಗಳಲ್ಲಿ ಕೊಟ್ಟದ್ದು ಅಳತೆ ಮಾಡಿ, ಅದಕ್ಕೆಂದೇ ತಯಾರಿಸಿದ್ದು. ಅಂಗಡಿ ಬಾಟಲಿಯಲ್ಲಿ ಎಣ್ಣೆಯ ಜೊತೆ ಸಿಹಿ, ವಾಸನೆ, ಕೆಡದಂತೆ ಇಡುವ ರಾಸಾಯನಿಕ, ಕೆಲವದರಲ್ಲಿ ವಿಟಮಿನ್ ಎ, ಡಿ ಕೂಡ. ವಿಟಮಿನ್ ಡಿ ನಿಮ್ಮ ಮಗನಿಗೆ ಬೇರೆ ಹನಿಯಲ್ಲಿ ಹೋಗುತ್ತಿದ್ದರೆ ಇದು ಡಬಲ್ ಆಗುತ್ತದೆ. ತಾಯಿಹಾಲಿನ ಗಾಢತೆ ಕರುಳಿಗೆ ಹಿತವಾಗಿರುತ್ತದೆ, ಅದಕ್ಕೆ ಒಂದೊಂದು ಹನಿ ಔಷಧಿ ಸೇರಿಸಿದ ಹಾಗೂ ಆ ಗಾಢತೆ ಏರುತ್ತದೆ. ನಿರಪಾಯ ಅಂತ ಹಾಲಿಗೆ ಸೇರಿಸಿದ್ದೂ ಈ ಮಕ್ಕಳಲ್ಲಿ ತಿರುಗಿಬಿದ್ದದ್ದಿದೆ. 2011ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹಾಲನ್ನು ದಪ್ಪ ಮಾಡುವ ಒಂದು ಪದಾರ್ಥವನ್ನು ತಿಂಗಳು ತುಂಬದ ಮಕ್ಕಳಿಗೆ ಕೊಡಬೇಡಿ ಅಂತ ಎಚ್ಚರಿಸಬೇಕಾಯಿತು, ಕಾರಣ ನೆಕ್. ಅದರಲ್ಲಿದ್ದದ್ದು ಕ್ಸಾಂಥನ್ ಗಮ್, ದೊಡ್ಡವರು ಸಾಸ್‌ನಲ್ಲಿ, ಐಸ್‌ಕ್ರೀಮಿನಲ್ಲಿ ದಿನವೂ ತಿನ್ನುವ ಅಂಟು.

ಹೆಂಡತಿ ತೆಗೆದುಕೊಳ್ಳಬಹುದಾ ಅಂತ ಕೇಳಿದ್ದೀರಿ. ಇದೂ ಪರೀಕ್ಷೆಯಾಗಿದೆ. ಕೆನಡಾದಲ್ಲಿ 29 ವಾರಕ್ಕಿಂತ ಮೊದಲು ಹೆತ್ತ ತಾಯಂದಿರಿಗೆ ದಿನಕ್ಕೆ 1.2 ಗ್ರಾಂ ಡಿಎಚ್‌ಎ ಕೊಟ್ಟು, ಹಾಲಿನ ಮೂಲಕ ಮಗುವಿಗೆ ಹೋಗಲಿ ಅಂತ ನೋಡಿದರು. 2020ರಲ್ಲಿ ಬಂದ ಫಲಿತಾಂಶ: ಬಿಪಿಡಿ ಇಲ್ಲದೆ ಉಳಿದ ಮಕ್ಕಳು ಡಿಎಚ್‌ಎ ಗುಂಪಿನಲ್ಲಿ ನೂರಕ್ಕೆ 54.9, ಇನ್ನೊಂದರಲ್ಲಿ 61.6. ಅಪಾಯ ಇರಬಹುದು ಅನ್ನುವ ಕಾರಣಕ್ಕೆ ಅಧ್ಯಯನವನ್ನೇ ಮಧ್ಯದಲ್ಲಿ ನಿಲ್ಲಿಸಿದರು. ಹಾಗಾಗಿ ದೊಡ್ಡ ಡೋಸಿನ ಕ್ಯಾಪ್ಸೂಲು ಬೇಡ. ಗರ್ಭಿಣಿಯರಿಗೆ, ಬಾಣಂತಿಯರಿಗೆ ಸಾಮಾನ್ಯವಾಗಿ ಹೇಳುವ ದಿನಕ್ಕೆ 200 ಮಿಲಿಗ್ರಾಂ ಬೇರೆ ವಿಷಯ, ಅದು ಊಟದ ಅಳತೆ. ಮೀನು ತಿನ್ನುವವರಾದರೆ ವಾರಕ್ಕೆ ಎರಡು ಸಲ ಬಂಗುಡೆಯೋ ಬೂತಾಯಿಯೋ ಸಾಕು, ಕರಾವಳಿಯ ಅಮ್ಮಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಾಣಂತಿಗೆ ಮೀನು ನಂಜು ಅಂತ ಯಾರಾದರೂ ತಡೆದರೆ ನನ್ನ ಹೆಸರು ಹೇಳಿ.

ಅಗಸೆ ಚಟ್ನಿಪುಡಿ ತಿನ್ನಲಿ, ಬಿಸಿ ರೊಟ್ಟಿಗೆ ಎಣ್ಣೆ ಹಾಕಿಕೊಂಡು ತಿಂದರೆ ನನಗೂ ಇಷ್ಟ. ಆದರೆ ಅದರಲ್ಲಿರುವುದು ಡಿಎಚ್‌ಎ ಅಲ್ಲ, ಎಎಲ್‌ಎ ಅನ್ನುವ ಕಚ್ಚಾಮಾಲು. ನಮ್ಮ ದೇಹ ಅದನ್ನು ಡಿಎಚ್‌ಎ ಮಾಡಿಕೊಳ್ಳುವುದು ತೀರಾ ಕಡಿಮೆ. ಅಗಸೆ ತಿಂದರೆ ಹಾಲಿನಲ್ಲಿ ಎಎಲ್‌ಎ ಏರುತ್ತದೆ, ಡಿಎಚ್‌ಎ ಇದ್ದಲ್ಲೇ ಇರುತ್ತದೆ. ಅತ್ತೆಯವರಿಗೆ ಇದನ್ನು ಹೇಳಿ ಬೇಜಾರು ಮಾಡಬೇಡಿ. ಬಾಣಂತಿ ಹೊಟ್ಟೆ ತುಂಬ ಉಣ್ಣುವುದು ಹಾಲಿಗೆ ಒಳ್ಳೆಯದೇ.

ಇಷ್ಟು ಹೊತ್ತು ಬೇಡ, ಬೇಡ ಅಂದೆ. ಬೇಕಾದ್ದು ನಿಮ್ಮ ಹೆಂಡತಿಯ ಹತ್ತಿರವೇ ಇದೆ. 1990ರಲ್ಲಿ ಇಂಗ್ಲೆಂಡಿನಲ್ಲಿ 926 ಮಕ್ಕಳನ್ನು ಗಮನಿಸಿ ಬರೆದದ್ದು: ಬರೀ ಪುಡಿಹಾಲಿನ ಮಕ್ಕಳಲ್ಲಿ ನೆಕ್, ಬರೀ ತಾಯಿಹಾಲಿನ ಮಕ್ಕಳಿಗಿಂತ 6ರಿಂದ 10 ಪಟ್ಟು ಜಾಸ್ತಿ. ಆಮೇಲೆ ಬಂದ ಯಾವ ಹನಿ, ಯಾವ ಪುಡಿಯೂ ಇಷ್ಟು ದೊಡ್ಡ ಕೆಲಸ ಮಾಡಿಲ್ಲ. ಇದರಲ್ಲೂ ಕೊಬ್ಬಿನ ಪಾತ್ರ ಇದೆ, ಆ ಸ್ವಾರಸ್ಯ ಹೇಳಲೇಬೇಕು. 2012ರಲ್ಲಿ ಅಮೆರಿಕದ ಲ್ಯಾಬೊಂದರಲ್ಲಿ ಪುಡಿಹಾಲನ್ನೂ ತಾಜಾ ತಾಯಿಹಾಲನ್ನೂ ಹೊಟ್ಟೆಯ ರಸಗಳಲ್ಲಿ ಜೀರ್ಣವಾಗುವಂತೆ ಮಾಡಿ, ಆ ದ್ರವವನ್ನು ಕರುಳಿನ ಜೀವಕೋಶಗಳ ಮೇಲೆ ಹಾಕಿದರು. ಪುಡಿಹಾಲಿನದ್ದು ಕೋಶಗಳನ್ನು ಕೊಂದಿತು, ತಾಜಾ ತಾಯಿಹಾಲಿನದ್ದು ಕೊಲ್ಲಲಿಲ್ಲ. ಕಾರಣ ಬಿಡಿಬಿಡಿಯಾಗಿ ಉಳಿದ ಫ್ಯಾಟಿ ಆಸಿಡ್‌ಗಳು, ಅವು ಒಂದು ರೀತಿಯಲ್ಲಿ ಸೋಪಿನ ಹಾಗೆ ಕೋಶದ ಪೊರೆ ಕರಗಿಸುತ್ತವೆ. ತಾಯಿಹಾಲಿನಲ್ಲಿ ಕೊಬ್ಬಿನ ಕಣಕ್ಕೆ ತನ್ನದೇ ಹೊದಿಕೆ ಇದೆ, ಅದನ್ನು ಹದವಾಗಿ ಒಡೆಯುವ ಕಿಣ್ವವೂ ಅದೇ ಹಾಲಿನಲ್ಲಿದೆ. ಕೊಬ್ಬು ಎಷ್ಟು ಅನ್ನೋದಕ್ಕಿಂತ ಯಾವ ರೂಪದಲ್ಲಿ ಕರುಳಿಗೆ ತಲುಪಿತು ಅನ್ನೋದು ಮುಖ್ಯ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಸ್ವಂತ ಹಾಲು ಸಾಲದಿದ್ದರೆ ಮುಂದಿನ ಆಯ್ಕೆ ಮಿಲ್ಕ್ ಬ್ಯಾಂಕಿನ ಹಾಲು. ಅದನ್ನು ಪಾಶ್ಚರೀಕರಿಸುವಾಗ, ಅಂದರೆ ರೋಗಾಣು ಸಾಯುವಂತೆ ಬಿಸಿಮಾಡುವಾಗ, ಮೇಲೆ ಹೇಳಿದ ಕಿಣ್ವ ಸಾಯುತ್ತದೆ, ಕೊಬ್ಬು ಸ್ವಲ್ಪ ಕಡಿಮೆ ಹೀರಲ್ಪಡುತ್ತದೆ, ಆದರೂ ಪುಡಿಹಾಲಿಗಿಂತ ಕರುಳಿಗೆ ಕ್ಷೇಮ. ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲೇ ಇಂಥ ಬ್ಯಾಂಕ್ ಶುರುವಾಗಿತ್ತು, ಬೆಂಗಳೂರಿನಲ್ಲೂ ಇವೆ. ನಿಮ್ಮ ಆಸ್ಪತ್ರೆಗೆ ಎಲ್ಲಿಂದ ತರಿಸಬಹುದು ಅಂತ ಕೇಳಿನೋಡಿ.

ಇನ್ನು ಒಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಹಿಂಡಿದ ಹಾಲನ್ನು ಅರ್ಧ ಗಂಟೆ ಬಿಟ್ಟು ನೋಡಿ, ಮೇಲೆ ಹಳದಿ ಕೆನೆ ಕಟ್ಟಿರುತ್ತದೆ. ಅದೇ ನಿಮ್ಮ ಡಿಎಚ್‌ಎ, ಅದೇ ಮಗನ ತೂಕ. ಸಿರಿಂಜಿಗೆ ಎಳೆಯುವ ಮುಂಚೆ ಮೆಲ್ಲಗೆ ಸುತ್ತಿಸದಿದ್ದರೆ ಕೆನೆ ಬಾಟಲಿಯ ಗೋಡೆಗೇ ಅಂಟಿಕೊಳ್ಳುತ್ತದೆ. ಪಂಪಿನಲ್ಲಿ ತಾಸುಗಟ್ಟಲೆ ನಿಧಾನ ಬಿಡುವ ಕಡೆಗಳಲ್ಲಿ ಕೊಬ್ಬಿನ ದೊಡ್ಡ ಪಾಲು ಉದ್ದನೆಯ ಟ್ಯೂಬಿನಲ್ಲೇ ಉಳಿದು ಕಸದ ಬುಟ್ಟಿಗೆ ಹೋಗುತ್ತದೆ. ನಮ್ಮಲ್ಲಿ ಒಬ್ಬ ಹಿರಿಯ ಸಿಸ್ಟರ್ ಇದ್ದರು. ಪಂಪಿಗೆ ಹಾಕುವ ಸಿರಿಂಜಿನ ಮೂತಿಯನ್ನು ಸ್ವಲ್ಪ ಮೇಲಕ್ಕೆ ಮಾಡಿ ಇಡೋರು, ಕೆನೆ ತೇಲಿ ಮೂತಿಗೆ ಬಂದು ಮೊದಲು ಮಗುವಿಗೇ ಹೋಗಲಿ ಅಂತ. ಟ್ಯೂಬನ್ನೂ ಆದಷ್ಟು ಗಿಡ್ಡದೇ ಹುಡುಕೋರು. ಅವರ ಶಿಫ್ಟಿನಲ್ಲಿ ಮಕ್ಕಳ ತೂಕ ಚೆನ್ನಾಗಿ ಏರುತ್ತದೆ ಅಂತ ನಾವು ತಮಾಷೆ ಮಾಡುತ್ತಿದ್ದೆವು, ಅದು ತಮಾಷೆ ಆಗಿರಲಿಲ್ಲ. ನಿಮ್ಮ ಮಗನಿಗೆ 2 ಗಂಟೆಗೊಮ್ಮೆ ಒಟ್ಟಿಗೆ ಕೊಡುತ್ತಿದ್ದಾರೆ, ಅದರಲ್ಲಿ ನಷ್ಟ ಕಡಿಮೆ. ಹೆಂಡತಿಗೆ ಹೇಳಿ, ಹಿಂಡುವಾಗ ಮೊದಲು ಬರುವ ತೆಳು ಹಾಲಿಗೇ ನಿಲ್ಲಿಸದೆ ಎದೆ ಹಗುರಾಗುವವರೆಗೆ ಹಿಂಡಲಿ, ಕೊನೆಯಲ್ಲಿ ಬರುವುದೇ ಗಟ್ಟಿ. ದಿನಕ್ಕೆ 8 ಸಲ, ಅದರಲ್ಲಿ ಒಂದು ರಾತ್ರಿ ಹೊತ್ತು.

ಮನೆಗೆ ಹೋದಮೇಲೆ ಹಿರಿಯರು ಹರಳೆಣ್ಣೆ ಕುಡಿಸೋಣ, ಮೂಗಿಗೆ ಎರಡು ತೊಟ್ಟು ಎಣ್ಣೆ ಬಿಡೋಣ ಅಂದಾರು. ಬಾಯಿಗೂ ಬೇಡ, ಮೂಗಿಗೂ ಬೇಡ. ಒಂದು ಸಲ ಡಿಸ್ಚಾರ್ಜ್ ಆಗಿ ನಾಲ್ಕೇ ದಿನಕ್ಕೆ ಒಂದು ಮಗು ಏದುಸಿರು ಬಿಡುತ್ತಾ ವಾಪಸ್ ಬಂತು, ಎಣ್ಣೆ ಶ್ವಾಸಕೋಶಕ್ಕೆ ಇಳಿದಿತ್ತು. ಮೂರು ವಾರ ಒದ್ದಾಡಿ ಉಳಿಸಿಕೊಂಡೆವು. ಮೈಗೆ ಹಚ್ಚುವ ಎಣ್ಣೆ ಬೇರೆ ಮಾತು. ಬಾಂಗ್ಲಾದೇಶದ ಆಸ್ಪತ್ರೆಯೊಂದರಲ್ಲಿ ಇಂಥ ಮಕ್ಕಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಆಸ್ಪತ್ರೆಯ ಸೋಂಕು ನೂರಕ್ಕೆ 41ರಷ್ಟು ಇಳಿದಿತ್ತು, 2005ರಲ್ಲಿ ಪ್ರಕಟವಾದದ್ದು. ಹಚ್ಚಿದ ಎಣ್ಣೆ ಚರ್ಮದಿಂದ ಒಳಗೂ ಹೋಗುತ್ತದೆ ಅಂತ ಪುಣೆಯವರು ತೋರಿಸಿದ್ದಾರೆ. ಯಾವಾಗ, ಹೇಗೆ ಅನ್ನೋದನ್ನು ಸಿಸ್ಟರನ್ನು ಕೇಳಿ ಮಾಡಿ, ಉಜ್ಜಬಾರದು, ಸವರಬೇಕು ಅಷ್ಟೇ.

ಮಗನ ಪಕ್ಕ ಕೂತಾಗ ಹೊಟ್ಟೆ ಗಮನಿಸಿ. ಹೊಟ್ಟೆ ಉಬ್ಬಿ ಚರ್ಮ ಮಿರಮಿರ ಹೊಳೆಯುವುದು, ಟ್ಯೂಬಿನಲ್ಲಿ ಹಸಿರು ದ್ರವ ವಾಪಸ್ ಬರುವುದು, ಡೈಪರಿನಲ್ಲಿ ರಕ್ತದ ಗೆರೆ, ನಿನ್ನೆ ಕೈಕಾಲು ಆಡಿಸುತ್ತಿದ್ದವನು ಇವತ್ತು ಸುಮ್ಮನೆ ಮಲಗಿರುವುದು, ಇದರಲ್ಲಿ ಒಂದು ಕಂಡರೂ ಸಂಕೋಚ ಬಿಟ್ಟು ಆ ಕ್ಷಣವೇ ಕರೆಯಿರಿ. ಬೈದರೆ ಬೈಸಿಕೊಳ್ಳಿ.

ಬಾಟಲಿಯನ್ನು ಎಸೆಯಬೇಡಿ, ಎಕ್ಸ್‌ಪೈರಿ ನೋಡಿ ಇಡಿ. ಆಕ್ಸಿಜನ್ ಬಿಟ್ಟು, ಪೂರ್ತಿ ಹಾಲಿಗೆ ಬಂದು, ತೂಕ ಏರತೊಡಗಿದ ಮೇಲೆ ಡಾಕ್ಟರಿಗೆ ಲೇಬಲ್ ಸಮೇತ ತೋರಿಸಿ. ಆಗ ಪ್ರಶ್ನೆ ಕರುಳಿನದ್ದಲ್ಲ, ಮೆದುಳಿನದ್ದು, ಉತ್ತರವೂ ಬೇರೆ ಬರಬಹುದು. ಭಾವನಿಗೆ ಸಿಟ್ಟು ಬಂದರೆ ಅವರದ್ದೇ ದೇಶದ 2017ರ ಆ ಅಧ್ಯಯನದ ಬಗ್ಗೆ ಹೇಳಿ. ಕಳಿಸಲೇಬೇಕು ಅಂದರೆ ಹೆಂಡತಿಗೆ ಒಂದು ಒಳ್ಳೆಯ ಬ್ರೆಸ್ಟ್ ಪಂಪ್ ಕಳಿಸಲಿ.